ತಿರುಗಿ ಹೇಳು

ದೇವನಹಳ್ಳಿಯಲ್ಲಿ ರಾತ್ರಿ ಪಾಳಿ ಮುಗಿಸಿ
ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ
ಗಾಳಿಗೆಲ್ಲ ಬೆಂದ ಗೂಡಿನ ವಾಸನೆ.
ಮುನಿಲಕ್ಷ್ಮಮ್ಮ ನಲ್ಲಿಯ ಸಾಲಿನಿಂದಲೇ ಕೂಗುತ್ತಾರೆ:
"ಏನಮ್ಮಾ ತಸ್ಕೀನು, ರಾತ್ರಿಯೆಲ್ಲಾ ಎಷ್ಟು ವಿಮಾನ ಓಡಿಸಿದೆ?"
ಓಡಿಸಲ್ಲ, ಅಂದೆ.
"ಮತ್ತೆ, ಬಾವುಟ ಬೀಸ್ತೀಯ?"
ಅದೂ ಇಲ್ಲ.
"ಕಿಟಕೀಲಿ ನೋಡ್ತಾ ಕೂತಿರ್ತೀಯ?"
ನಮ್ಮ ಕೋಣೆಗೆ ಕಿಟಕಿಯೇ ಇಲ್ಲ.
"ಅಯ್ಯೋ! ಮತ್ತಿನ್ನೇನೇ ಮಾಡೋದು ನೀನು, ಇಷ್ಟು ಸಂಬಳಕ್ಕೆ?"

ದೂರ ಇಡ್ತೀನಿ, ಅಂದೆ.
ಒಂದರಿಂದ ಒಂದನ್ನ.
ಅವರ ಕೊಡ ತುಂಬಿತು,
ನನ್ನ ಉತ್ತರ ಅರ್ಧಕ್ಕೇ ನಿಂತಿತು.

ಉಳಿದರ್ಧ ಇದು:
ಮಬ್ಬು ಕೋಣೆ, ಕರಿ ಪರದೆ, ಅದರ ಮೇಲೆ
ಹೆಸರೂ ಎತ್ತರವೂ ಅಂಟಿಸಿಕೊಂಡು ತೆವಳುವ ಚುಕ್ಕಿಗಳು.
ಕೊಚ್ಚಿಯಿಂದೊಂದು, ಕೋಲ್ಕತ್ತದಿಂದೊಂದು, ದೋಹಾದಿಂದೊಂದು,
ದಿಕ್ಕುದಿಕ್ಕಿನ ಎಳೆ ಹಿಡಿದು ಒಂದೇ ನೂಲಿಗೆ ಹಾಯಿಸಬೇಕು.
ಅಮ್ಮಿ ಬಿಸಿನೀರಿನ ತೊಟ್ಟಿಯ ಮುಂದೆ ಮಾಡುತ್ತಿದ್ದ ಕೆಲಸವೇ,
ಆದರೆ ಇಲ್ಲಿ ಎಳೆಗೆ ಎಳೆ ತಾಗಬಾರದು.
ಅಕ್ಕಪಕ್ಕ ಇಂತಿಷ್ಟು ಮೈಲಿ,
ಇಲ್ಲವೇ ಮೇಲೆಕೆಳಗೆ ಸಾವಿರ ಅಡಿ.
ಅಮ್ಮಿಯ ಬೆರಳು ಬೆಂದು ಬಿಳುಚಿಕೊಂಡಿದ್ದವು.
ನನಗೆ ಬೇಯುವುದು ಕಿವಿ.

ಕಣ್ಣಿನ ಕೆಲಸವೆಂದು ಜನ ತಿಳಿದದ್ದು
ಅರ್ಧಕ್ಕರ್ಧ ಕಿವಿಯ ಕೆಲಸ.
ನಾನು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು,
ಅವನು ತಿರುಗಿ ಹೇಳಿದ್ದನ್ನು
ನಾನು ಹೊಸದಾಗಿ ಕೇಳಬೇಕು.
ನೈನ್ ಅನ್ನಬಾರದು, ನೈನರ್ ಅನ್ನಬೇಕು,
ಗರಗರದ ನಡುವೆ ಫೈವ್ ಆಗಿ ಕೇಳಿಸೀತೆಂದು.
ತರಬೇತಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ.
ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಬಾಯಲ್ಲೇ ನಡೆಯುತ್ತಿದ್ದ ಕಾಲ;
ಅಬ್ಬಾ ನೂರ ಎಪ್ಪತ್ತೆಂದು ಕೂಗಿದ್ದು
ನೂರ ಎಂಬತ್ತಾಗಿ ಚೀಟಿಗೆ ಬಿದ್ದು
ಕಿಲೋಗೆ ಹತ್ತು, ಅರವತ್ತು ಕಿಲೋಗೆ ಆರುನೂರು ಹೋದ ದಿನ
ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ.
ಆಮೇಲೆ ಅವರು ಕೂಗುತ್ತಿದ್ದುದೇ ಹಾಗೆ:
ಎಪ್ಪತ್ತು! ಏಳು ಹತ್ತು! ಏಳು!

ಹೋದ ಮಂಗಳವಾರ, ಎರಡು ಗಂಟೆ ನಲವತ್ತು.
ಇಳಿಯುವವನಿಗೆ ಒಂಬತ್ತು ಸಾವಿರ ಕೊಟ್ಟೆ.
ಏರುವವನಿಗೆ ಮೊದಲೇ ಎಂಟು ಸಾವಿರ ಕೊಟ್ಟಿದ್ದೆ.
ನಂದಿಬೆಟ್ಟದ ನೆತ್ತಿಯಾಚೆ ಇಬ್ಬರ ದಾರಿ ಅಡ್ಡಹಾಯುವುದಿತ್ತು.
ಇಳಿಯುವವನು, ನಿದ್ದೆಗೆಟ್ಟ ದನಿ, ತಿರುಗಿ ಹೇಳಿದ:
ಎಂಟು ಸಾವಿರಕ್ಕೆ ಇಳಿಯುತ್ತಿದ್ದೇನೆ.
ಎಷ್ಟು ಸಲೀಸಾಗಿ ಹೇಳಿದನೆಂದರೆ
ಒಂದು ಕ್ಷಣ ನಾನೇ ಹೌದೆಂದುಕೊಂಡೆ.
ಆ ಒಂದು ಕ್ಷಣವನ್ನು ಯಾರಿಗೂ ಹೇಳಿಲ್ಲ.
ಆಮೇಲೆ: ಅಲ್ಲ. ಎಂಟಲ್ಲ. ನೈನರ್ ಸಾವಿರ. ತಿರುಗಿ ಹೇಳಿ.
ಹೇಳಿದ.
ಮೇಲೊಬ್ಬ, ಕೆಳಗೊಬ್ಬ,
ನಡುವೆ ಸಾವಿರ ಅಡಿ ಬರೀ ಕತ್ತಲೆ.
ಮುನ್ನೂರು ಜನ. ಯಾರೋ ಒಬ್ಬರು ನೀರು ಕೇಳಿರಬಹುದು,
ಒಂದು ಕೂಸು ಮಗ್ಗುಲು ಬದಲಿಸಿರಬಹುದು.

ಏನೂ ಆಗಲಿಲ್ಲ.
ಏನೂ ಆಗದಿರುವುದನ್ನು ತಯಾರಿಸಲಿಕ್ಕೇ ನನಗೆ ಸಂಬಳ;
ಅದನ್ನು ಮುನಿಲಕ್ಷ್ಮಮ್ಮನಿಗೆ ತೂಗಿ ತೋರಿಸುವ ತಕ್ಕಡಿ
ಗೂಡಿನ ಮಾರುಕಟ್ಟೆಯಲ್ಲೂ ಇಲ್ಲ.

ಮನೆಗೆ ಬಂದರೆ ಆಪಾ ಅರ್ಹಾನನನ್ನು
ವೆಂಕಟರವಣಪ್ಪನ ಅಂಗಡಿಗೆ ಅಟ್ಟುತ್ತಿದ್ದಾಳೆ:
ಅರ್ಧ ಲೀಟರ್ ಹಾಲು, ಕಾಲು ಕಿಲೋ ಸಕ್ಕರೆ,
ಒಂದು ಸೋಪು, ನೀಲಿದು, ಹಸಿರಲ್ಲ.
ಅವನಾಗಲೇ ಹೊಸ್ತಿಲಾಚೆ, ಒಂದೇ ಕಾಲಿಗೆ ಚಪ್ಪಲಿ.
ನಿಲ್ಲೋ, ಅಂದೆ. ಏನು ಹೇಳಿದಳು, ತಿರುಗಿ ಹೇಳು.
"ಅರ್ಧ ಲೀಟರ್ ಹಾಲು, ಕಾಲು ಕಿಲೋ ಸಕ್ಕರೆ,
ಒಂದು ಸೋಪು, ಹಸಿರುದು."

ತಲೆಯ ಮೇಲೆ ಒಂದು ಸದ್ದು ಚಿಂತಾಮಣಿಯ ಕಡೆ ಹಾಯಿತು,
ಈಗ ಬೇರೆ ಯಾರದೋ ಕಿವಿಯಲ್ಲಿ.

ಅಲ್ಲ, ಅಂದೆ. ನೀಲಿ.
ಹೇಳು.