ಹೋಲ್ಡಾನ್

ದುರ್ಗಿಗುಡಿಯ ಮೆಡಿಕಲ್ ಶಾಪಿನ ಮೇಲೆ ಆ ಕೋಣೆ.
ಮೆಟ್ಟಿಲು ಇಪ್ಪತ್ತೆರಡು;
ಎಣಿಸಿದ್ದು ನಾನಲ್ಲ, ಇವನು, ಬೆರಳಲ್ಲಿ.

ಫ್ಲೊರಿನ್ ಮೇಡಂ ನೆಲದ ಮೇಲೇ ಕೂತರು.
ತಡೆಯದೆ ನಾನೇ ಶುರುಮಾಡಿದೆ:
ಅಪ್ಪ ಅನ್ನು. ಅನ್ನೋ. ಒಂದೇ ಒಂದ್ಸಲ.
"ಹೋಲ್ಡಾನ್" ಅಂದ.

ನಾಚಿಕೆಯಾಯಿತು. ಇಷ್ಟೇ ಮೇಡಂ, ಬರೀ ಗಿಳಿಪಾಠ.
ಮಿಕ್ಸಿ ತಿರುಗಿದರೆ ಹೋಲ್ಡಾನ್ ಹೋಲ್ಡಾನ್,
ತಟ್ಟೆ ಇಟ್ಟರೆ ಚಿಲ್ಲರೆ ಕೊಡಿ,
ನೆಂಟರ ಮನೆಯಲ್ಲಿ ಕೂತಲ್ಲೇ
ಗಾಜನೂರು, ಮಂಡಗದ್ದೆ, ತೀರ್ಥಹಳ್ಳೀ...

ಅವರು ನಗಲಿಲ್ಲ. ಅವನನ್ನು ತಿದ್ದಲೂ ಇಲ್ಲ.
ನನ್ನ ಕಡೆಗೆ ಅಂಗೈ ಅಡ್ಡ ಹಿಡಿದರು:
"ನಿಲ್ಲಿಸು ಅಂತಿದ್ದಾನಲ್ಲ, ನಿಲ್ಲಿಸಿ."

ನಿಲ್ಲಿಸಿದೆ.
ಅವನು ನನ್ನ ಮುಖ ನೋಡಿದ,
ಮುಖವಲ್ಲ, ಅಂಗಿಯ ಎರಡನೇ ಗುಂಡಿ;
ಅಷ್ಟು ಹತ್ತಿರ ಬಂದಿರಲಿಲ್ಲ ಯಾವತ್ತೂ.

ಆಮೇಲೊಂದು ನೋಟ್‌ಬುಕ್ಕು.
ಎಡಕ್ಕೆ ಅವನು ಆಡಿದ್ದು, ಬಲಕ್ಕೆ ಖಾಲಿ.
"ನೀವೇ ತುಂಬಿ, ಇದು ನಿಮ್ಮದೇ ಭಾಷೆ."

ನನ್ನದೇ. ರಜೆಯ ದಿನಗಳಲ್ಲಿ
ಡ್ರೈವರ್ ಹಿಂದಿನ ಸೀಟಲ್ಲಿ ಕೂರಿಸಿ
ಇವನನ್ನು ಮರೆತು ನಾನು ಕೂಗಿದ್ದೆಲ್ಲ
ಒಂದೂ ಉದುರಿಸದೆ ಕೂಡಿಟ್ಟಿದ್ದಾನೆ,
ಟಿಕೆಟ್ ಬ್ಯಾಗಿನಂತೆ.

ತೀರ್ಥಹಳ್ಳಿ ಅಂದರೆ: ಇಲ್ಲಿಂದ ಹೋಗೋಣ.
ಮುಂದೆ ಹೋಗಿ ಅಂದರೆ: ಗದ್ದಲ ಜಾಸ್ತಿ, ಜಾಗ ಬಿಡಿ.
ಸ್ಕೂಲಿಗೆ ಮೇಡಂ ಒಂದು ಕಾರ್ಡು ಮಾಡಿಕೊಟ್ಟರು:
ಕೆಂಪು ಅಂಗೈ. ಮಾತು ಬಾರದ ದಿನ ಅದನ್ನೇ ತೋರಿಸುತ್ತಾನೆ.
ಚಿಲ್ಲರೆ ಕೊಡಿ ಎದುರಿಗೆ ಮಾತ್ರ ಇನ್ನೂ ಖಾಲಿ.
ಐದು ತಿಂಗಳಾಯಿತು.

ಇವತ್ತು ನಸುಕಿನಲ್ಲಿ ಬ್ಯಾಗು ಹೆಗಲಿಗೇರಿಸಿ
ಚಪ್ಪಲಿ ಮೆಟ್ಟುತ್ತಿದ್ದೆ.
ಹೊಸಿಲಲ್ಲಿ ನಿಂತು, ಮೆಲ್ಲಗೆ: ಹೋಲ್ಡಾನ್.

ಮೊದಲ ಟ್ರಿಪ್ಪು
ಒಂಬತ್ತು ನಿಮಿಷ ತಡ.