ಮುರುಗಲ ಸಿಪ್ಪೆ

ಬೈತಖೋಲ ಬಂದರದಲ್ಲಿ ನನ್ನ ಗಂಟಲೇ ನನ್ನ ಅಂಗಡಿ.
ಬೆಳಗಿನ ಐದಕ್ಕೆ ಟ್ರಾಲರು ಹಗ್ಗ ಎಸೆಯುವ ಮೊದಲೇ
ನಾನು ಎಸೆದಿರುತ್ತೇನೆ ದನಿ:
ಬಂಗಡೆ ಬುಟ್ಟಿ ಸಾವಿರದ ಇನ್ನೂರು, ಇನ್ನೂರೈವತ್ತು, ಮುನ್ನೂರು,
ಒಂದು ಸಲ, ಎರಡು ಸಲ…
ಎಂಜಿನ್ನು, ಹದ್ದು, ಐಸು ಒಡೆಯುವ ಮಶೀನು,
ಎಲ್ಲದರ ಮೇಲೆ ತೇಲಬೇಕು ಅದು.
ತೇಲದಿದ್ದರೆ ಮೀನಿಗೆ ದರವಿಲ್ಲ.

ಅದೇ ದನಿ ಹೊತ್ತು ಹೋಗುತ್ತಿದ್ದೆ
ಮಗಳ ಆಟಕ್ಕೆ.
ಸಾಯಲಿಗೆ ಹನ್ನೊಂದು. ಎಡಗಡೆಯ ಡಿಫೆಂಡರ್.
ಬೆನ್ನ ಮೇಲೆ ಮೂರು ನಂಬರು, ಅಂಗಿ ಮೊಳಕಾಲ ತನಕ,
ತಾಯಿ ಒಳಗೆ ಮಡಚಿ ಹೊಲಿದರೂ.
ಗೆರೆಗೆ ಕಾಲು ತಾಗಿಸಿ ನಿಂತು
ಹೊಡಿ ಅಂದೆ, ಬಿಡಬೇಡ ಅಂದೆ, ಹಿಂದೆ ನೋಡು, ಮುಂದೆ ಓಡು,
ರೆಫ್ರಿಗೆ ಕಣ್ಣಿಲ್ಲವೇನೋ ಅಂದೆ.
ರೆಫ್ರಿ ಅಂದರೆ ಕೋಡಿಬಾಗದ ಹತ್ತನೇ ಕ್ಲಾಸಿನ ಹುಡುಗ,
ಸೀಟಿ ಅವನ ಬಾಯಲ್ಲಿ ನಡುಗುತ್ತಿತ್ತು.
ಒಂದು ದಿನ ಚೆಂಡು ಕಾಲಿಗೆ ಬಂದಾಗ
ಅವಳು ನೋಡಿದ್ದು ಚೆಂಡನ್ನಲ್ಲ,
ನನ್ನನ್ನು.
ಆ ಅರೆಗಳಿಗೆಯಲ್ಲಿ ಯಾರೋ ಬಂದು ಒಯ್ದರು.

ರಾತ್ರಿ ತಾರ್ಲೆಯ ಮುಳ್ಳು ಬಿಡಿಸುತ್ತ, ತಲೆ ಎತ್ತದೆ, ಅಂದಳು:
ಪಪ್ಪಾ, ಮುಂದಿನ ಸಲವೂ ಬಾ.
ದನಿ ಮಾತ್ರ ಬಂದರದಲ್ಲೇ ಬಿಟ್ಟು ಬಾ.
ಶೇವಂತಿ ನಕ್ಕಳು. ನನಗೆ ನಗು ಬರಲಿಲ್ಲ.
ಇಪ್ಪತ್ತು ವರ್ಷ ಅನ್ನ ಹಾಕಿದ ಗಂಟಲು;
ಅದಕ್ಕೆ ಹೊರಗೆ ನಿಲ್ಲು ಅಂದಂತಾಯಿತು.

ಶೇವಂತಿಯೇ ಡಬ್ಬಿಯಿಂದ ತೆಗೆದು ಕೊಟ್ಟದ್ದು
ಮುರುಗಲ ಒಣಸಿಪ್ಪೆ.
ಕೂಗಬೇಕು ಅನಿಸಿದಾಗ ನಾಲಗೆಯ ಕೆಳಗಿಡಿ,
ಹುಳಿಗೆ ಬಾಯಿ ತಾನೇ ಮುಚ್ಚುತ್ತದೆ.
ತನ್ನ ಪಾಲಿನದನ್ನು ಅವಳು ಆಗಲೇ ಹಿಡಿದಿದ್ದಳು, ಯಾರಿಗೂ ಹೇಳದೆ:
ಹಸಿ ಬೂಟಿನೊಳಗೆ ಹಳೆಯ ಪೇಪರು ತುರುಕುವುದು,
ಸೋತ ದಿನವೂ ಅದೇ ಹೊತ್ತಿಗೆ ಅದೇ ಗಂಜಿ.

ಈಗ ನಿಲ್ಲುವುದು ಗೆರೆಯಿಂದ ದೂರ, ಗಾಳಿಮರದ ಬುಡದಲ್ಲಿ.
ಅಲ್ಲಿಂದ ಕಾಣುತ್ತದೆ ಬೇರೆ ಅಪ್ಪಂದಿರ ಲಿಲಾವು:
ಹೆತ್ತ ಮಕ್ಕಳನ್ನು ತಾವೇ ಬುಟ್ಟಿಯಲ್ಲಿಟ್ಟು
ದರ ಏರಿಸುತ್ತಾರೆ, ಇಳಿಸುತ್ತಾರೆ.
ಗಾಳ ನುಂಗಿದ ಮೀನಿನ ಹಾಗೆ
ಮಕ್ಕಳ ಮುಖ ತಿರುಗುತ್ತದೆ ದಾರ ಎಳೆದತ್ತ.
ನನಗೂ ಗಂಟಲು ಕೆರೆಯುತ್ತದೆ, ಸುಳ್ಳು ಯಾಕೆ.
ಸಿಪ್ಪೆ ಕಚ್ಚುತ್ತೇನೆ.

ಬಾಯಿ ಮುಚ್ಚಿದ ಮೇಲೆ ಆಟ ಕಂಡಿತು.
ಚೆಂಡಿಲ್ಲದಾಗಲೂ ಅವಳು ಓಡುತ್ತಾಳೆ.
ಗೋಲು ಬಿಟ್ಟ ಕೀಪರ್ ನೆಲ ನೋಡುತ್ತಿದ್ದರೆ
ಹೋಗಿ ಕೈಗವಸು ಬಿಗಿ ಮಾಡಿಕೊಡುತ್ತಾಳೆ.
ಬೋರ್ಡಿನ ಮೇಲೆ ಇದಕ್ಕೆ ಅಂಕಿಯಿಲ್ಲ.
ನಾಲ್ಕು ತಿಂಗಳು ಕೂಗಿ ಕೂಗಿ
ಇದನ್ನೆಲ್ಲ ನಾನೇ ಮುಚ್ಚಿಟ್ಟಿದ್ದೆ.

ನಿನ್ನೆ ಗಡಿಯಾಚೆ ಕಾಣಕೋಣದಲ್ಲಿ ನಾಲ್ಕು ಸೊನ್ನೆ.
ಒಂದು ಗೋಲು ಅವಳದೇ ಕಾಲಿನಿಂದ, ನಮ್ಮದೇ ಬಲೆಗೆ.
ಸ್ಕೂಟರಿನ ಹಿಂದೆ ಕೂತವಳಿಗೆ ಮಾತಿಲ್ಲ.
ನಮ್ಮಿಬ್ಬರ ಒಪ್ಪಂದವಿದೆ:
ಕಾಳಿ ಸೇತುವೆ ದಾಟುವ ತನಕ ಆಟದ ಸುದ್ದಿಯಿಲ್ಲ,
ದಾಟಿದ ಮೇಲೂ ಎತ್ತುವವಳು ಅವಳೇ.
ಪೋಳೆಂ ಹೋಯಿತು, ಮಾಜಾಳಿ ಹೋಯಿತು,
ಸದಾಶಿವಗಡದ ಇಳಿಜಾರಿನಲ್ಲಿ
ಬೆನ್ನಿಗೆ ಹಣೆ ತಾಗಿತು, ಅಂಗಿ ಒದ್ದೆಯಾಯಿತು.
ಬೆವರಿರಬಹುದು. ಕೇಳಲಿಲ್ಲ.
ಕೆಳಗೆ ನದಿ ಸಮುದ್ರ ಸೇರುವ ಜಾಗ;
ಸಿಹಿ ಎಲ್ಲಿಗೆ ಮುಗಿಯಿತು, ಉಪ್ಪು ಎಲ್ಲಿಂದ,
ಯಾರೂ ಗೆರೆ ಹಾಕಿಲ್ಲ ಅಲ್ಲಿ.

ಕೋಡಿಬಾಗ ಬಂತು.
ಎಷ್ಟು ಸಿಪ್ಪೆ ತಿಂದೆ ಪಪ್ಪಾ?
ಏಳು.
ಅವಳು ನಕ್ಕದ್ದು ಬೆನ್ನಿಗೆ ಗೊತ್ತಾಯಿತು ಮೊದಲು, ಕಿವಿಗೆ ಆಮೇಲೆ.
ನಾಲ್ಕು ಗೋಲಿಗೆ ಏಳಾ?
ಮೂರು ನೀನು ತಡೆದದ್ದಕ್ಕೆ, ಅಂದೆ.
ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.
ಎರಡೇ. ಇನ್ನೊಂದು ಕಂಬಕ್ಕೆ ಬಡಿದದ್ದು.

ಇವತ್ತು ಬೆಳಗ್ಗೆ ಇಸೋಣದ ದರ ಕೂಗುವಾಗ
ಹಲ್ಲಿನ್ನೂ ಹುಳಿಗೆ ಜುಂ ಅನ್ನುತ್ತಿತ್ತು,
ಸಾವಿರದ ಹತ್ತಿರ ದನಿ ಒಡೆಯಿತು.
ಏನು ತಾಂಡೇಲ, ನಿನ್ನೆ ಮ್ಯಾಚಾ? ವ್ಯಾಪಾರಿಗಳು ನಕ್ಕರು.
ಹೂಂ, ನಾಲ್ಕು ಸೊನ್ನೆ, ಅಂದೆ.
ಎರಡು ತಡೆದಳು.