ಮೂರನೆಯ ಕಲ್ಲು

ಎಡತೊಡೆ ಬಲದ್ದಕ್ಕಿಂತ ಎರಡು ಬೆರಳು ಸಪೂರ.
ಬೀಡಿಯ ನೂಲು ಸುತ್ತಿ ಅಳೆದವಳು ಅಮ್ಮ,
ಗಂಟು ಹಾಕಿ ಇಟ್ಟಿದ್ದಾಳೆ ಕತ್ತರಿಯ ಪಕ್ಕ.

ಬಂದ್ಯೋಡಿನ ಕಬಡ್ಡಿ ಅಂಕಣದಲ್ಲಿ
ನಡುಗೆರೆಗೆ ಗೇಣು ದೂರವಿರುವಾಗ
ಮಂಡಿಯೊಳಗೆ ಹಸಿ ಕಡ್ಡಿ ಮುರಿದ ಸದ್ದು,
ನನಗೆ ಮಾತ್ರ ಕೇಳಿಸಿದ್ದು.
ಕೈ ಗೆರೆ ಮುಟ್ಟಿತ್ತು. ಪಾಯಿಂಟ್ ಸಿಕ್ಕಿತ್ತು.

ಈಗ ಅಂಗಳದಲ್ಲಿ ಮುರಕಲ್ಲು.
ಜೂನಿನಲ್ಲಿ ಒಂದು, ಓಣಂ ರಜೆಗೆ ಎರಡು.
ಹತ್ತು, ಇಳಿ, ಒಂಟಿಕಾಲಲ್ಲಿ,
ಬೆನ್ನ ಚೀಲದಲ್ಲಿ ಐದು ಕಿಲೋ ಕುಚ್ಚಲಕ್ಕಿ.
"ಪದುಕ್ಕೆ, ಪದುಕ್ಕೆ" ಅನ್ನುತ್ತಾನೆ ಫಿಸಿಯೋ ಸಿನಾನ್.
ಅದು ಮಲಯಾಳ;
ನನ್ನ ಮಂಡಿ ಕೇಳುವುದು ತುಳು ಮಾತ್ರ.

"ಹಾರಲು ಯಾರಿಗೂ ಬರುತ್ತದೆ,
ಇಳಿಯುವಾಗ ಸದ್ದಾಗಬಾರದು.
ಸದ್ದಾಯಿತೋ, ಭಾರ ಹೊತ್ತದ್ದು ಎಲುಬು,
ಸ್ನಾಯು ಅಲ್ಲ."
ಧಪ್. ಧಪ್. ಎಷ್ಟು ಸಂಜೆ ಧಪ್!
ಕೋಳಿಗಳು ಈ ಕಡೆ ಬರುವುದನ್ನೇ ಬಿಟ್ಟವು.

ಇಂದು ಮೂರನೆಯ ಕಲ್ಲು.
ನೂಲಿನ ಲೆಕ್ಕದಲ್ಲಿ ಇನ್ನೂ ಅರ್ಧ ಬೆರಳು ಬಾಕಿ.
ಒಳಗೆ ಮೊರದ ಮುಂದೆ ಅಮ್ಮ
ಎಲೆ ಸುತ್ತುತ್ತ, ಕಿವಿ ಅಂಗಳದಲ್ಲಿಟ್ಟು ಕೂತಿದ್ದಾಳೆ.
ಕಾದು ಕಾದು ಕೇಳಿದಳು:
"ಇವತ್ತು ಹಾರುವುದಿಲ್ಲವಾ ಮಗಳೇ?"

ನಾನು ಆಗಲೇ ಕೆಳಗಿದ್ದೆ.